ಚೆಂಡುಹೂವಿನ ಬೇಸಾಯವೂ ಮನೆಯವರ ಆರೋಗ್ಯವೂ



ಹತ್ತು ಗುಂಟೆ ಜಮೀನು, ಕೊಳವೆ ಬಾವಿಯ ನೀರಿನಲ್ಲಿ ಒಂದು ಪಾಲು, ದುಡಿಯಬಲ್ಲ ನಾಲ್ಕು ಕೈಗಳು, ಇಷ್ಟು ಮಾತ್ರ ಉಳ್ಳವರೂ ಕೈಗೊಳ್ಳಬಹುದಾದ ಬೇಸಾಯಗಳಲ್ಲಿ ಚೆಂಡುಹೂವಿನದು ಒಂದು. ಸಸಿ ನೆಟ್ಟ ಎರಡು ತಿಂಗಳಿಗೆ ಹೂವು ಕೈಗೆ ಬರುತ್ತದೆ. ಆ ಮೇಲೆ ಮೂರು ದಿನಕ್ಕೊಮ್ಮೆ ಕೊಯ್ದು ಮಾರಿದರೆ ಮನೆಗೆ ಅಷ್ಟಷ್ಟಾಗಿ ಹಣ ಬರುತ್ತಿರುತ್ತದೆ. ರಾಗಿ, ಜೋಳಗಳಂತೆ ಸುಗ್ಗಿಯವರೆಗೆ ಕಾಯಬೇಕಾಗಿಲ್ಲ. ಈ ಕಾರಣದಿಂದಲೇ ಹೊಸದಾಗಿ ಸಂಸಾರ ಹೂಡಿದ ಅನೇಕರು ಈ ಬೆಳೆಯತ್ತ ಮನಸ್ಸು ಮಾಡುತ್ತಾರೆ.

ಆರೋಗ್ಯ ಇಲಾಖೆಯ ಪುಸ್ತಿಕೆಯಲ್ಲಿ ಹೂವಿನ ಬೇಸಾಯದ ಪಾಠವೇಕೆ ಎಂದು ನೀವು ಕೇಳಬಹುದು. ಹೂವಿನ ತೋಟದಲ್ಲಿ ದುಡಿಯುವವರು ಬಹುಮಟ್ಟಿಗೆ ಹೆಂಗಸರು. ಅವರಲ್ಲಿ ಹಲವರು ಗರ್ಭಿಣಿಯರು, ಇಲ್ಲವೆ ಎದೆಹಾಲುಣಿಸುವ ತಾಯಂದಿರು. ಔಷಧಿ ಸಿಂಪಡಿಸಿದ ಗಿಡದ ನಡುವೆ ಬರಿಗೈಯಲ್ಲಿ ದಿನವಿಡೀ ನಿಲ್ಲುವವರು ಅವರೇ. ಆದುದರಿಂದ ಬೆಳೆಯ ವಿಷಯವನ್ನೂ ದೇಹದ ವಿಷಯವನ್ನೂ ಬೇರೆ ಬೇರೆಯಾಗಿ ಹೇಳುವುದು ನನಗೆ ಸರಿಯೆನಿಸಲಿಲ್ಲ. ನಾನು ವೈದ್ಯಾಧಿಕಾರಿಯೇ ಹೊರತು ಕೃಷಿ ಪಂಡಿತನಲ್ಲ. ಬೇಸಾಯದ ಬಗೆಗೆ ಇಲ್ಲಿ ಹೇಳಿರುವುದಕ್ಕಿಂತ ಹೆಚ್ಚಿನ ವಿವರ ಬೇಕಾದರೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

ಗಿಡದ ಪರಿಚಯ

ಚೆಂಡುಹೂವು ಸೂರ್ಯಕಾಂತಿ, ಸೇವಂತಿಗೆ, ಹುಚ್ಚೆಳ್ಳು, ಕುಸುಬೆಗಳ ಕುಟುಂಬಕ್ಕೆ ಸೇರಿದ ಗಿಡ. ನಾವು ಒಂದು ಹೂವೆಂದು ಕರೆಯುವುದು ವಾಸ್ತವವಾಗಿ ನೂರಾರು ಕಿರುಹೂಗಳ ಗುಚ್ಛ. ಒಂದು ಎಸಳನ್ನು ಬುಡಸಹಿತ ಕಿತ್ತು ನೋಡಿದರೆ ಕೆಳಗೆ ಕಪ್ಪು ಕಡ್ಡಿಯಂತಹ ಬೀಜವಾಗಲಿರುವ ಭಾಗ ಕಾಣುತ್ತದೆ. ದೊಡ್ಡ ಹೂವಿನ ಎತ್ತರದ ಜಾತಿಗೆ ಪುಸ್ತಕಗಳಲ್ಲಿ ಆಫ್ರಿಕನ್ ಮಾರಿಗೋಲ್ಡ್ ಎಂಬ ಹೆಸರಿದ್ದರೂ ಇದು ಆಫ್ರಿಕದ್ದಲ್ಲ. ಇದರ ತವರು ಮೆಕ್ಸಿಕೊ ಮತ್ತು ಅದರ ನೆರೆಯ ಉಷ್ಣ ಪ್ರದೇಶಗಳು. ದಸರೆ, ದೀಪಾವಳಿಗಳಿಗೆ ಇದಿಲ್ಲದೆ ನಮಗೆ ಆಗುವುದಿಲ್ಲ. ಆದರೂ ಮೆಣಸಿನಕಾಯಿ, ಟೊಮೆಟೊಗಳಂತೆ ಇದೂ ಸಮುದ್ರ ದಾಟಿ ಬಂದ ಅತಿಥಿಯೇ.

ನಮ್ಮ ರಾಜ್ಯದಲ್ಲಿ ಇದನ್ನು ಹಾರಕ್ಕೂ ಪೂಜೆಗೂ ಮಾತ್ರ ಬೆಳೆಯುತ್ತಿಲ್ಲ. ಗುಂಡ್ಲುಪೇಟೆಯ ಕಡೆ ಮಳೆಗಾಲದಲ್ಲಿ ಹೋದವರು ರಸ್ತೆಯ ಇಕ್ಕೆಲದಲ್ಲೂ ಕಿತ್ತಳೆ ಬಣ್ಣದ ಹೊಲಗಳನ್ನು ನೋಡಿರಬಹುದು. ಆ ಹೂವಿನ ಬಹುಪಾಲು ಕಾರ್ಖಾನೆಗಳಿಗೆ ಹೋಗಿ, ಅದರ ಎಸಳಿನಿಂದ ಲ್ಯೂಟಿನ್ ಎಂಬ ಹಳದಿ ವರ್ಣದ್ರವ್ಯವನ್ನು ತೆಗೆಯಲಾಗುತ್ತದೆ. ಕೋಳಿಯ ಆಹಾರಕ್ಕೆ ಅದನ್ನು ಬೆರೆಸಿದರೆ ಮೊಟ್ಟೆಯ ಭಂಡಾರಕ್ಕೆ ಒಳ್ಳೆಯ ಬಣ್ಣ ಬರುತ್ತದೆ.

ಈ ಮಾತಿನಿಂದ ಒಂದು ತಪ್ಪು ತಿಳುವಳಿಕೆ ಹುಟ್ಟಬಾರದು. ಲ್ಯೂಟಿನ್ ಕಣ್ಣಿಗೆ ಒಳ್ಳೆಯದೆಂಬ ಜಾಹೀರಾತನ್ನು ನೋಡಿ ಮಗುವಿನ ಇರುಳುಗಣ್ಣಿಗೆ ಚೆಂಡುಹೂವಿನ ರಸ ಕುಡಿಸಲು ಯಾರೂ ಹೋಗತಕ್ಕದ್ದಲ್ಲ. ಲ್ಯೂಟಿನ್ ನಮ್ಮ ದೇಹದಲ್ಲಿ ‘ಎ’ ಜೀವಸತ್ವವಾಗಿ ಮಾರ್ಪಡುವುದಿಲ್ಲ. ಇರುಳುಗಣ್ಣನ್ನು ತಡೆಯುವುದು ನುಗ್ಗೆ ಸೊಪ್ಪು, ದಂಟಿನ ಸೊಪ್ಪು, ಪಪ್ಪಾಯಿ, ಕ್ಯಾರೆಟ್, ಹಾಲು, ಮೊಟ್ಟೆ ಮುಂತಾದವು. ಇವುಗಳ ಜೊತೆಗೆ, ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ ಮೊದಲುಗೊಂಡು ಐದು ವರ್ಷದವರೆಗೆ ಒಟ್ಟು 9 ಬಾರಿ ಕೊಡುವ ‘ಎ’ ಜೀವಸತ್ವದ ದ್ರಾವಣವನ್ನು ಆರೋಗ್ಯ ಕಾರ್ಯಕರ್ತೆಯಿಂದ ತಪ್ಪದೆ ಹಾಕಿಸಬೇಕು.

ಸಸಿ ಮಡಿಯಿಂದ ಮೊದಲ ಹೂವಿನವರೆಗೆ

ಚೆಂಡುಹೂವನ್ನು ವರ್ಷದ ಯಾವ ಕಾಲದಲ್ಲಾದರೂ ಬೆಳೆಯಬಹುದು. ಆದರೆ ತಂಪಾದ ಹವೆಯಲ್ಲಿ ಹೂವು ದಪ್ಪನಾಗಿಯೂ ಹೇರಳವಾಗಿಯೂ ಬರುತ್ತದೆ. ಹಬ್ಬದ ಮಾರುಕಟ್ಟೆಯನ್ನು ನೆಚ್ಚಿದವರು ಹಬ್ಬದಿಂದ ಹಿಂದಕ್ಕೆ ಎಣಿಸಬೇಕು. ಮಡಿಯಲ್ಲಿ ಒಂದು ತಿಂಗಳು, ನೆಟ್ಟ ಮೇಲೆ ಎರಡು ತಿಂಗಳು, ಹೂವು ತುಂಬಿ ಬರಲು ಇನ್ನೊಂದು ವಾರ ಹತ್ತು ದಿನ. ಅಂದರೆ ದೀಪಾವಳಿಗೆ ನೂರು ದಿನ ಮುಂಚೆ ಬೀಜ ಮಡಿಗೆ ಬೀಳಬೇಕು. ಆದರೆ ಎಲ್ಲರೂ ಹೀಗೆಯೇ ಎಣಿಸುತ್ತಾರೆ ಎಂಬುದನ್ನು ಮರೆಯಬೇಡಿ. ಹಬ್ಬದ ಮರುದಿನ ಬೆಲೆ ಕುಸಿದು ಹೂವನ್ನು ರಸ್ತೆಯ ಬದಿಗೆ ಸುರಿದು ಹೋಗುವ ದೃಶ್ಯ ನಿಮಗೆ ಹೊಸದಲ್ಲ. ಇರುವ ಜಾಗವನ್ನು ಎರಡು ಮೂರು ಭಾಗ ಮಾಡಿ, ಹದಿನೈದು ಇಪ್ಪತ್ತು ದಿನಗಳ ಅಂತರದಲ್ಲಿ ನೆಡುವವರಿಗೆ ಒಂದು ಸಂತೆ ಕೈಕೊಟ್ಟರೂ ಇನ್ನೊಂದು ಸಂತೆ ಕೈಹಿಡಿಯುತ್ತದೆ.

ಮಡಿಯು ಒಂದು ಮೀಟರ್ ಅಗಲ, ಒಂದು ಗೇಣಿನಷ್ಟು ಎತ್ತರವಿರಲಿ. ಚೆನ್ನಾಗಿ ಕಳಿತ ಗೊಬ್ಬರವನ್ನು ಪುಡಿಮಾಡಿ ಬೆರೆಸಿ, ಬೀಜವನ್ನು ಗೀರುಗಳಲ್ಲಿ ತೆಳುವಾಗಿ ಬಿತ್ತಿ, ಮೇಲೆ ನಯವಾದ ಗೊಬ್ಬರ ಉದುರಿಸಿ ನೀರು ಚಿಮುಕಿಸಬೇಕು. ಮನೆಯಲ್ಲಿ ತೆಗೆದ ಬೀಜವಾದರೆ ಎಕರೆಗೆ ಸುಮಾರು ಅರ್ಧ ಕಿಲೋ ಸಾಕು. ಬೀಜವು ಹಿಂದಿನ ಹಂಗಾಮಿನದೇ ಆಗಿರಲಿ. ವರ್ಷಗಟ್ಟಲೆ ಡಬ್ಬಿಯಲ್ಲಿಟ್ಟ ಬೀಜ ಸರಿಯಾಗಿ ಮೊಳೆಯುವುದಿಲ್ಲ. ಐದಾರು ದಿನಗಳಲ್ಲಿ ಮೊಳಕೆ ಬರುತ್ತದೆ. ಮಡಿಯಲ್ಲಿ ನೀರು ಹೆಚ್ಚಾದರೆ ಸಸಿಗಳು ಬುಡ ಕೊಳೆತು ಮಲಗುತ್ತವೆ. ಬೀಜ ಕೊಳ್ಳುವುದಾದರೆ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಬಂಗಾರ, ಅರ್ಕಾ ಅಗ್ನಿ, ದೆಹಲಿಯ ಪೂಸಾ ಸಂಸ್ಥೆಯ ಪೂಸಾ ನಾರಂಗಿ ಮೊದಲಾದ ತಳಿಗಳ ಬಗೆಗೆ ವಿಚಾರಿಸಿ.

ನೆಡುವ ಭೂಮಿಗೆ ಎಕರೆಗೆ 8ರಿಂದ 10 ಟನ್ ಕೊಟ್ಟಿಗೆ ಗೊಬ್ಬರ ಕೊಡುವುದು ಒಳ್ಳೆಯದು. ರಾಸಾಯನಿಕ ಗೊಬ್ಬರವನ್ನು ಮಣ್ಣು ಪರೀಕ್ಷೆಯ ಪ್ರಕಾರ ಹಾಕಿ. ಯೂರಿಯ ಹೆಚ್ಚಾದರೆ ಗಿಡ ಹಸಿರಾಗಿ ಹಿಗ್ಗುತ್ತದೆ, ಹೂವು ಕಡಿಮೆಯಾಗುತ್ತದೆ, ಕೀಟವೂ ಹೆಚ್ಚುತ್ತದೆ. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 45 ಸೆಂಟಿಮೀಟರ್ ಅಂತರವಿಟ್ಟರೆ ಎಕರೆಗೆ ಸುಮಾರು 15,000 ಸಸಿಗಳು ಹಿಡಿಯುತ್ತವೆ. ಹತ್ತು ಗುಂಟೆಗೆ 3,700ರಷ್ಟು. ಸಾಯಂಕಾಲ ನೆಟ್ಟು ಕೂಡಲೇ ನೀರು ಹಾಯಿಸಬೇಕು. ನೆಟ್ಟ ಒಂದು ತಿಂಗಳಿಗೆ ಗಿಡದ ತುದಿಯನ್ನು ಚಿವುಟಬೇಕು. ಬಂದ ಮೊದಲ ಮೊಗ್ಗನ್ನು ಕಳೆದುಕೊಳ್ಳಲು ಮನಸ್ಸು ಹಿಂಜರಿಯುವುದು ಸಹಜ. ಆದರೆ ಚಿವುಟಿದ ಗಿಡವೇ ಪಕ್ಕದ ಕವಲೊಡೆದು ಹೆಚ್ಚು ಹೂವು ಕೊಡುತ್ತದೆ. ಆಗಲೇ ಕಳೆ ತೆಗೆದು ಬುಡಕ್ಕೆ ಮಣ್ಣೇರಿಸುವುದು. ವಾರಕ್ಕೊಮ್ಮೆ ನೀರು ಸಾಕು. ಕಾಲುವೆಯಲ್ಲಿ ನೀರು ನಿಲ್ಲಬಾರದು.

ಚೆನ್ನಾಗಿ ನೋಡಿಕೊಂಡ ಬೆಳೆಯಿಂದ ಎಕರೆಗೆ 4ರಿಂದ 7 ಟನ್ ಹೂವು ಬರುತ್ತದೆ. ಟೊಮೆಟೊ ಬೆಳೆಯುವವರಿಗೂ ಚೆಂಡುಹೂವು ಉಪಕಾರಿ. ಪ್ರತಿ 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂವನ್ನು ನೆಟ್ಟರೆ ಕಾಯಿಕೊರಕದ ಚಿಟ್ಟೆ ಟೊಮೆಟೊವನ್ನು ಬಿಟ್ಟು ಹೂವಿನ ಗಿಡದ ಮೇಲೆ ಮೊಟ್ಟೆಯಿಡಲು ಹೋಗುತ್ತದೆ. ಇದಕ್ಕಾಗಿ 25 ದಿನದ ಟೊಮೆಟೊ ಸಸಿಯೊಡನೆ 45 ದಿನದ ಚೆಂಡುಹೂವಿನ ಸಸಿಯನ್ನು ನೆಡಬೇಕು; ಎರಡೂ ಒಟ್ಟಿಗೆ ಹೂಬಿಟ್ಟರೇನೇ ಉಪಯೋಗ. ಚೆಂಡುಹೂವಿನ ಬೇರು ಮಣ್ಣಿನ ಗಂಟುಬೇರಿನ ಹುಳುವನ್ನೂ ಕಡಿಮೆ ಮಾಡುತ್ತದೆ. ಔಷಧಿಯ ಖರ್ಚನ್ನು ತಗ್ಗಿಸುವ ಇಂತಹ ಉಪಾಯಗಳು ವೈದ್ಯನಾದ ನನಗೆ ಬಹಳ ಪ್ರಿಯವಾದವು.

ಸಿಂಪಡಿಸುವ ಔಷಧಿ

‘ಔಷಧಿ’ ಎಂಬ ಮಾತೇ ನಮ್ಮನ್ನು ಮೋಸಗೊಳಿಸುತ್ತದೆ. ಗಿಡಕ್ಕೆ ಹೊಡೆಯುವುದು ವಿಷ. ಅದನ್ನು ಮನೆಯಲ್ಲಿ ವಿಷವೆಂದೇ ಕರೆಯುವ ಅಭ್ಯಾಸ ಮಾಡಿಕೊಳ್ಳಿರಿ. ಮಕ್ಕಳಿಗೂ ಹಾಗೆಯೇ ಹೇಳಿಕೊಡಿ.

ಹೂವು ತಿನ್ನುವ ಪದಾರ್ಥವಲ್ಲವಾದ್ದರಿಂದ ಎಷ್ಟು ಹೊಡೆದರೂ ತೊಂದರೆಯಿಲ್ಲ ಎಂಬ ಭಾವನೆ ಹಳ್ಳಿಗಳಲ್ಲಿದೆ. ಇದು ದೊಡ್ಡ ತಪ್ಪು. ವಿಷವು ಬಾಯಿಯಿಂದ ಮಾತ್ರ ಒಳಗೆ ಹೋಗುವುದಿಲ್ಲ. ಚರ್ಮದಿಂದಲೂ ಉಸಿರಿನಿಂದಲೂ ಹೋಗುತ್ತದೆ. ಬೆವರಿದ ಮೈ, ಒದ್ದೆಯಾದ ಸೀರೆ, ಗೀರುಬಿದ್ದ ಬೆರಳು ಇವುಗಳ ಮೂಲಕ ಇನ್ನೂ ಬೇಗ ಹೋಗುತ್ತದೆ. ಮಡಿಲಲ್ಲಿ ಹೂವು ತುಂಬಿಕೊಳ್ಳುವ ಹೆಂಗಸಿನ ಹೊಟ್ಟೆಯ ಮೇಲೆಯೇ ಆ ಹೂವು ಗಂಟೆಗಟ್ಟಲೆ ಇರುತ್ತದೆ ಎಂಬುದನ್ನು ಯೋಚಿಸಿರಿ. ಹೂವನ್ನು ಬುಟ್ಟಿಗೆ ಕೊಯ್ಯಿರಿ, ಮಡಿಲಿಗೆ ಬೇಡ.

ನಮ್ಮ ಕೇಂದ್ರಕ್ಕೆ ಒಮ್ಮೆ ಮೂರು ತಿಂಗಳ ಗರ್ಭಿಣಿಯನ್ನು ಆಕೆಯ ಅತ್ತೆ ಕರೆತಂದಿದ್ದರು. ವಾಂತಿ, ತಲೆಸುತ್ತು, ಬಾಯಲ್ಲಿ ನೀರೂರುವುದು. “ಬಸುರಿಯ ವಾಂತಿ ಸ್ವಾಮಿ, ಒಂದು ಮಾತ್ರೆ ಕೊಡಿ ಸಾಕು” ಎಂದರು ಆ ತಾಯಿ. ಆದರೆ ಹುಡುಗಿಯ ಮೈ ಬೆವರಿನಿಂದ ತೊಯ್ದಿತ್ತು, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಕಿರಿದಾಗಿತ್ತು. ವಿಚಾರಿಸಿದಾಗ, ಗಂಡ ಮುಂಜಾನೆ ಸಿಂಪಡಿಸಿದ ಸಾಲಿನಲ್ಲಿ ಆಕೆ ಮಧ್ಯಾಹ್ನ ಹೂವು ಕೊಯ್ದಿದ್ದಳೆಂದು ತಿಳಿಯಿತು. ಚಿಕಿತ್ಸೆಯಿಂದ ಆಕೆ ಚೇತರಿಸಿಕೊಂಡಳು. ಬಸುರಿಯ ವಾಂತಿಯಲ್ಲಿ ಹೀಗೆ ಪಾಪೆ ಕಿರಿದಾಗುವುದಿಲ್ಲ, ಮೈಯ ಮಾಂಸಖಂಡಗಳು ಅದುರುವುದಿಲ್ಲ, ಉಸಿರು ಕಟ್ಟುವುದಿಲ್ಲ. ಈ ವ್ಯತ್ಯಾಸವನ್ನು ಮನೆಯ ಹಿರಿಯರೆಲ್ಲರೂ ತಿಳಿದಿರಬೇಕು.

ಗರ್ಭ ನಿಂತ ಮೊದಲ ಕೆಲವು ವಾರಗಳಲ್ಲಿಯೇ ಮಗುವಿನ ಮೆದುಳು, ಹೃದಯ, ಕೈಕಾಲುಗಳು ರೂಪುಗೊಳ್ಳಲು ತೊಡಗುತ್ತವೆ. ಆ ಹೊತ್ತಿಗೆ ತಾಯಿಗೆ ತಾನು ಬಸುರಿಯೆಂಬುದೇ ಗೊತ್ತಿರದಿರಬಹುದು. ಆದುದರಿಂದ ಮಗುವನ್ನು ಬಯಸುತ್ತಿರುವ ದಂಪತಿಗಳು ಗರ್ಭ ಖಚಿತವಾಗುವವರೆಗೆ ಕಾಯದೆ, ಮೊದಲೇ ಈ ಕಟ್ಟುಪಾಡನ್ನು ಆರಂಭಿಸಬೇಕು. ಗರ್ಭಿಣಿಯೂ ಹಾಲುಣಿಸುವ ತಾಯಿಯೂ ವಿಷವನ್ನು ಕಲಸಬಾರದು, ಸಿಂಪಡಿಸಬಾರದು, ಸಿಂಪಡಿಸುವವನಿಗೆ ನೀರು ಹೊತ್ತು ಕೊಡಬಾರದು. ಸಿಂಪಡಿಸಿದವನ ಬಟ್ಟೆಯನ್ನು ಆಕೆ ಒಗೆಯಲೂಬಾರದು. ಈ ಕೊನೆಯ ಮಾತನ್ನು ಗಂಡಸರಿಗೆ ಒತ್ತಿ ಹೇಳುತ್ತಿದ್ದೇನೆ: ಆ ಬಟ್ಟೆಯನ್ನು ನೀವೇ, ಬೇರೆ ಬಟ್ಟೆಗಳೊಡನೆ ಸೇರಿಸದೆ, ಸೋಪು ಹಾಕಿ ಒಗೆದು ಬಿಸಿಲಿಗೆ ಹಾಕತಕ್ಕದ್ದು. ಕೆರೆ, ಕಾಲುವೆಗಳಲ್ಲಿ ಒಗೆಯಬೇಡಿ.

ಹೂವಿನ ಬೆಳೆಗೆ ಒಂದು ಅನುಕೂಲವಿದೆ. ಮೂರು ದಿನಕ್ಕೊಮ್ಮೆ ಕೊಯ್ಲು. ಕೊಯ್ಲು ಮುಗಿಸಿದ ದಿನವೇ ಸಾಯಂಕಾಲ ಸಿಂಪಡಿಸಿದರೆ ಮುಂದಿನ ಕೊಯ್ಲಿನವರೆಗೆ ತೋಟಕ್ಕೆ ಯಾರೂ ಇಳಿಯಬೇಕಾಗುವುದಿಲ್ಲ. ಸಾಯಂಕಾಲವಾದ್ದರಿಂದ ಜೇನುಹುಳುಗಳಿಗೂ ಅಪಾಯ ಕಡಿಮೆ. ಡಬ್ಬಿಯ ಮೇಲೆ ಇದಕ್ಕಿಂತ ಹೆಚ್ಚು ದಿನ ಬಿಡಬೇಕೆಂದು ಬರೆದಿದ್ದರೆ ಅಷ್ಟು ದಿನವೂ ಬಿಡಿ. ಒಂದು ಕೊಯ್ಲು ಹೋದರೆ ಹೋಗಲಿ. ಮಾರುಕಟ್ಟೆಯ ಹಿಂದಿನ ದಿನ ಹೂವು ಹೊಳೆಯಲೆಂದು ಸಿಂಪಡಿಸುವ ಪದ್ಧತಿಯನ್ನು ಮಾತ್ರ ಕೂಡಲೇ ಬಿಟ್ಟುಬಿಡಬೇಕು. ಆ ಹೂವು ಇನ್ನೊಬ್ಬರ ಮನೆಯ ಬಾಗಿಲಿಗೂ ದೇವರ ಪ್ರಸಾದದ ಪಕ್ಕಕ್ಕೂ ಹೋಗುತ್ತದೆ.

ಕೊಳ್ಳುವಾಗ ಡಬ್ಬಿಯ ಮೇಲಿನ ಬಣ್ಣದ ಗುರುತನ್ನು ನೋಡಿರಿ. ಕೆಂಪು ಬಣ್ಣ ಅತ್ಯಂತ ಘೋರ ವಿಷ, ಹಳದಿ ಅದಕ್ಕಿಂತ ತುಸು ಕಡಿಮೆ, ನೀಲಿ ಮಧ್ಯಮ, ಹಸಿರು ಎಲ್ಲಕ್ಕಿಂತ ಕಡಿಮೆ. ಓದು ಬಾರದವರಿಗೂ ತಿಳಿಯಲೆಂದೇ ಈ ಏರ್ಪಾಡು. ಅಂಗಡಿಯವರು ಏನು ಕೊಟ್ಟರೆ ಅದನ್ನು ತರಬೇಡಿ. ಚೆಂಡುಹೂವಿಗೆ ಬೇಸಗೆಯಲ್ಲಿ ಬರುವ ಕೆಂಪು ನುಸಿಗೆ ಎಲೆಯ ತಳಭಾಗಕ್ಕೆ ರಭಸದಿಂದ ನೀರು ಹೊಡೆಯುವುದು, ನೀರಿನಲ್ಲಿ ಕರಗುವ ಗಂಧಕದ ಪುಡಿ, ಶೇಕಡಾ 5ರ ಬೇವಿನ ಬೀಜದ ಕಷಾಯ ಇವುಗಳಿಂದಲೇ ಎಷ್ಟೋ ಸಲ ಕೆಲಸವಾಗುತ್ತದೆ. ಒಂದು ಕಾಲದಲ್ಲಿ ನಿರಪಾಯವೆಂದು ನಂಬಿಸಿ ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಸುರಿದ ಎಂಡೋಸಲ್ಫಾನನ್ನು 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ನಿಷೇಧಿಸಬೇಕಾಯಿತು. ಅಲ್ಲಿನ ಮನೆಗಳ ಸಂಕಟವನ್ನು ಬಲ್ಲವರು ಅಂಗಡಿಯವರ ಭರವಸೆಯನ್ನು ಸುಲಭವಾಗಿ ನಂಬಲಾರರು.

ಯಾರಿಗಾದರೂ ವಿಷ ತಗುಲಿದೆಯೆಂದು ಸಂಶಯ ಬಂದರೆ, ಮೊದಲು ಆ ಸ್ಥಳದಿಂದ ಆಚೆಗೆ ಕರೆತನ್ನಿ. ಬಟ್ಟೆ ಕಳಚಿ, ತಲೆಯಿಂದ ಕಾಲಿನವರೆಗೆ ಸೋಪು ನೀರಿನಿಂದ ತೊಳೆಯಿರಿ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುವುದು, ಹಾಲು ಕುಡಿಸುವುದು, ಹುಣಿಸೆ ಹುಳಿ ಕುಡಿಸುವುದು ಯಾವುದೂ ಬೇಡ. 108ಕ್ಕೆ ಕರೆ ಮಾಡಿ. ವಿಷದ ಡಬ್ಬಿಯನ್ನು ತಪ್ಪದೆ ಜೊತೆಗೆ ತನ್ನಿ; ಯಾವ ವಿಷವೆಂದು ತಿಳಿದರೆ ಚಿಕಿತ್ಸೆ ಬೇಗ ಆರಂಭವಾಗುತ್ತದೆ.

ಡಬ್ಬಿಯನ್ನು ಬೀಗವಿರುವ ಪೆಟ್ಟಿಗೆಯಲ್ಲಿಡಿ. ತಂಪು ಪಾನೀಯದ ಶೀಸೆಗೆ ಅದನ್ನು ಬಗ್ಗಿಸಿಡುವುದು ಮಗುವಿನ ಪ್ರಾಣಕ್ಕೆ ಕುತ್ತು. ಬೀಗಕ್ಕೆ ಇನ್ನೊಂದು ಕಾರಣವೂ ಉಂಟು. ಬೆಲೆ ಬಿದ್ದ ದಿನ, ಸಾಲಗಾರ ಬಾಗಿಲಿಗೆ ಬಂದ ದಿನ, ಗಂಡ ಹೆಂಡಿರಲ್ಲಿ ಮಾತು ಬೆಳೆದ ರಾತ್ರಿ, ಮನಸ್ಸು ಕಲಕಿದ ಒಂದು ಗಳಿಗೆಯಲ್ಲಿ ಕೈಗೆ ಸಿಕ್ಕಿದ ಡಬ್ಬಿಯಿಂದ ಹೋದ ಜೀವಗಳು ನಮ್ಮ ಹಳ್ಳಿಗಳಲ್ಲಿ ಕಡಿಮೆಯಲ್ಲ. ಆ ಗಳಿಗೆ ಕಳೆದರೆ ಮನುಷ್ಯ ಉಳಿಯುತ್ತಾನೆ. ಮನಸ್ಸಿಗೆ ಭಾರವಾದಾಗ 14416 ಎಂಬ ಟೆಲಿ ಮನಸ್ ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

ತೋಟದ ಇತರ ತೊಂದರೆಗಳು

ಕೆಲವರಿಗೆ ಈ ಗಿಡದ ರಸ ತಗುಲಿದರೆ ಕೈ, ಕತ್ತು, ಮುಖಗಳಲ್ಲಿ ತುರಿಕೆಯ ಗಂಧೆ ಏಳುತ್ತದೆ. ಬಿಸಿಲಿಗೆ ಅದು ಹೆಚ್ಚುತ್ತದೆ. ನಾವು ಕಾಂಗ್ರೆಸ್ ಗಿಡವೆಂದು ಕರೆಯುವ ಪಾರ್ಥೇನಿಯಮ್ ಕೂಡ ಇದೇ ಕುಟುಂಬದ್ದು. ಅದರಿಂದ ಮೈ ಕೆರೆತ ಅನುಭವಿಸಿದವರಿಗೆ ಚೆಂಡುಹೂವು, ಸೇವಂತಿಗೆಗಳೂ ಒಗ್ಗದಿರಬಹುದು. ಅಂತಹವರು ತುಂಬುತೋಳಿನ ಅಂಗಿ, ಕೈಗವಸು ಧರಿಸಿ ಕೊಯ್ಯಬೇಕು. ಅದರಿಂದಲೂ ಕಡಿಮೆಯಾಗದಿದ್ದರೆ ಮನೆಯ ಬೇರೆಯವರಿಗೆ ಆ ಕೆಲಸ ಬಿಟ್ಟು ತಾವು ಬೇರೆ ಕೆಲಸ ನೋಡಿಕೊಳ್ಳುವುದು ಮೇಲು.

ಬೆಳಗಿನ ಮಾರುಕಟ್ಟೆಗೆಂದು ಕತ್ತಲಲ್ಲೇ ಹೂವು ಕೊಯ್ಯುವವರು ಬ್ಯಾಟರಿ ದೀಪ, ಕಾಲಿಗೆ ಗಟ್ಟಿ ಬೂಟು ಇಲ್ಲದೆ ತೋಟಕ್ಕೆ ಇಳಿಯಬಾರದು. ದಟ್ಟವಾದ ಗಿಡದ ಬುಡ ಹಾವಿಗೆ ಪ್ರಿಯವಾದ ಸ್ಥಳ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಎಲ್ಲವೂ ಕಾಲಹರಣ. ಕೈಕಾಲು ಅಲುಗದಂತೆ ಇರಿಸಿ ಆಸ್ಪತ್ರೆಗೆ ಬನ್ನಿ.

ಬೆಳೆಯ ಲೆಕ್ಕ, ಸಂಸಾರದ ಲೆಕ್ಕ

ಒಂದು ಹಂಗಾಮಿನಲ್ಲಿ ಸುಮಾರು ಇಪ್ಪತ್ತು ಕೊಯ್ಲು. ಪ್ರತಿ ಕೊಯ್ಲಿಗೂ ಬಗ್ಗಿ ನಿಲ್ಲುವ ಕೆಲಸ. ಹೆರಿಗೆಯ ದಿನ ಯಾವ ತಿಂಗಳಲ್ಲಿ ಬರುತ್ತದೆಂಬುದನ್ನು ತಾಯಿ ಕಾರ್ಡಿನಲ್ಲಿ ನೋಡಿಕೊಂಡು, ಕೊಯ್ಲಿನ ಕಾಲವು ಗರ್ಭದ ಕೊನೆಯ ತಿಂಗಳುಗಳಿಗೆ ಬೀಳದಂತೆ ಬಿತ್ತನೆಯ ದಿನವನ್ನು ಗೊತ್ತುಮಾಡಬಹುದು. ಇಲ್ಲವೆ ಕೊಯ್ಲಿಗೆ ಆಳಿನ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬಹುದು. ಗರ್ಭಿಣಿಗೆ ದಿನಕ್ಕೊಂದರಂತೆ 180 ಕಬ್ಬಿಣಾಂಶದ ಮಾತ್ರೆಗಳನ್ನು ಸರ್ಕಾರ ಉಚಿತವಾಗಿ ಕೊಡುತ್ತದೆ. ಹೂವಿನ ಹಣದಿಂದ ಟಾನಿಕ್ಕಿನ ಶೀಸೆ ಕೊಳ್ಳುವುದಕ್ಕಿಂತ ಈ ಮಾತ್ರೆಯನ್ನು ನುಂಗಿ, ಆ ಹಣಕ್ಕೆ ಬೇಳೆ, ಮೊಟ್ಟೆ, ಬೆಲ್ಲ ತರುವುದು ಜಾಣತನ.

ಇನ್ನೊಂದು ಸಂಗತಿ. ಹಣದ ಬೆಳೆ ಬಂದ ಮನೆಯಲ್ಲಿ ಹಿತ್ತಲಿನ ಸೊಪ್ಪು ಮಾಯವಾಗುವುದನ್ನು ನಾನು ಕಂಡಿದ್ದೇನೆ. ಹಿಂದಿನವರು ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಹುಚ್ಚೆಳ್ಳು ಬೆಳೆಯುತ್ತಿದ್ದರಷ್ಟೆ. ಹೂವಿನ ತೋಟದವರೂ ವಿಷ ಬೀಳದ ದೂರದಲ್ಲಿ ಒಂದು ಗುಂಟೆಯನ್ನು ಸೊಪ್ಪು ತರಕಾರಿಗೆ ಮೀಸಲಿಡಬೇಕು. ಬಂದ ಹಣದ ಲೆಕ್ಕವನ್ನು ಗಂಡ ಹೆಂಡತಿ ಇಬ್ಬರೂ ತಿಳಿದಿರಬೇಕು. ಕೊಯ್ದವಳಿಗೆ ಬೆಲೆ ಗೊತ್ತಿಲ್ಲದಿರುವುದು ನ್ಯಾಯವಲ್ಲ.

ಸಸಿಗೆ ಅಂತರವಿದ್ದಂತೆ ಮಕ್ಕಳಿಗೂ ಅಂತರವಿರಬೇಕೆಂದು ನಮ್ಮ ಇಲಾಖೆಯವರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಹೋಲಿಕೆ ಪೂರ್ತಿ ಸರಿಯಲ್ಲ. ಸಸಿಯನ್ನು ಹೊರುವ ಮಡಿಗೆ ರಕ್ತ ನಷ್ಟವಾಗುವುದಿಲ್ಲ, ತಾಯಿಗೆ ಆಗುತ್ತದೆ. ಹೆರಿಗೆಯಲ್ಲಿ ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಆಕೆಯ ದೇಹಕ್ಕೆ ಕಾಲ ಬೇಕು. ಆದುದರಿಂದ ಒಂದು ಮಗುವಿಗೂ ಇನ್ನೊಂದಕ್ಕೂ ಮೂರು ವರ್ಷಗಳ ಅಂತರವಿರಲಿ. ಇದಕ್ಕೆ ಬೇಕಾದ ಸಾಧನಗಳೆಲ್ಲವೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಹೆರಿಗೆಯಾದ 48 ಗಂಟೆಯೊಳಗೆ ಕಾಪರ್-ಟಿ ಅಳವಡಿಸಿಕೊಳ್ಳಬಹುದು, ಬೇಡವಾದಾಗ ತೆಗೆಸಬಹುದು. ಮೂರು ತಿಂಗಳಿಗೊಮ್ಮೆ ‘ಅಂತರ’ ಚುಚ್ಚುಮದ್ದು ಇದೆ. ‘ಛಾಯಾ’ ಮಾತ್ರೆಯನ್ನು ಮೊದಲ ಮೂರು ತಿಂಗಳು ವಾರಕ್ಕೆರಡು ಸಲ, ಆ ಮೇಲೆ ವಾರಕ್ಕೊಂದು ಸಲ ನುಂಗಬೇಕು. ಯಾರಿಗೆ ಯಾವುದು ಒಗ್ಗುತ್ತದೆಂಬುದನ್ನು ಪರೀಕ್ಷಿಸಿಯೇ ಹೇಳಬೇಕಾದ್ದರಿಂದ ಇಬ್ಬರೂ ಕೂಡಿ ಬನ್ನಿ.

ಮಕ್ಕಳು ಸಾಕೆಂದು ನಿರ್ಧರಿಸಿದವರಲ್ಲಿ ಶಸ್ತ್ರಚಿಕಿತ್ಸೆಗೆ ಮುಂದಾಗುವವರು ಬಹುತೇಕ ಹೆಂಗಸರೇ. ಗಂಡಸರ ಶಸ್ತ್ರಚಿಕಿತ್ಸೆ ಇದಕ್ಕಿಂತ ಸರಳ. ಹೊಲಿಗೆಯಿಲ್ಲ, ಕಾಲು ಗಂಟೆಯ ಕೆಲಸ, ಅದೇ ದಿನ ಮನೆಗೆ ಹೋಗಬಹುದು. ಎರಡು ದಿನ ವಿಶ್ರಾಂತಿ. ಬೆನ್ನಿಗೆ ಸಿಂಪಡಣೆಯ ಯಂತ್ರ ಹೊರುವಂತಹ ಭಾರದ ಕೆಲಸವನ್ನು ಒಂದು ವಾರ ಬಿಡಬೇಕು. ಮೊದಲ ಮೂರು ತಿಂಗಳು ನಿರೋಧ್ ಬಳಸಿ, ಅನಂತರ ವೀರ್ಯ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ನೇಗಿಲು ಹಿಡಿಯುವ ಶಕ್ತಿ ಕುಂದುತ್ತದೆ, ಗಂಡಸುತನ ಹೋಗುತ್ತದೆ ಎಂಬ ಮಾತುಗಳಿಗೆ ಯಾವ ಆಧಾರವೂ ಇಲ್ಲ.

ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ನಿಮ್ಮ ಬಿತ್ತನೆಯ ಕಾಲವೂ ಸಂತೆಯ ದಿನವೂ ಗೊತ್ತಿರುತ್ತದೆ. ಕೊಯ್ಲಿಲ್ಲದ ಒಂದು ದಿನವನ್ನು ಆರಿಸಿಕೊಂಡು ಆಕೆಯೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿ. ಬರುವಾಗ ತಾಯಿ ಕಾರ್ಡನ್ನೂ, ನೀವು ಈಗ ಸಿಂಪಡಿಸುತ್ತಿರುವ ಡಬ್ಬಿಯ ಮೇಲಿನ ಹೆಸರನ್ನು ಬರೆದುಕೊಂಡ ಚೀಟಿಯನ್ನೂ ತನ್ನಿ.